ಅಲ್ಲಾಡದ ಎರಡು ಗಂಟೆ

ಅಲ್ಲಾಡಬಾರದು ಎಂದು ಚಿತ್ರದ ಮೇಷ್ಟರು ಮೂರನೆಯ ಸಲ ಹೇಳಿದರು. ಅಲ್ಲಾಡಿದ್ದು ಅವನಿಗೇ ಗೊತ್ತಾಗಿರಲಿಲ್ಲ. ಹನ್ನೊಂದು ಜನ ಪೆನ್ಸಿಲು ಹಿಡಿದು ಅವನನ್ನೇ ನೋಡುತ್ತಿದ್ದರು. ಮದುವೆಯ ದಿನ ಬಿಟ್ಟರೆ ಇಷ್ಟು ಜನ ಅವನನ್ನು ಒಟ್ಟಿಗೆ ಇಷ್ಟು ಗಮನವಿಟ್ಟು ನೋಡಿದ್ದು ಇದೇ ಮೊದಲು.

ಅವನು ಕಥೆಗಾರ. ಹನ್ನೆರಡು ವರ್ಷದ ಹಿಂದೆ ಒಂದು ಸಂಕಲನ ತಂದಿದ್ದ. ನಾಲ್ಕು ಜನ ಮೆಚ್ಚಿದ್ದರು. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ಮೇಲೆ ಬರೆಯಲಿ ಎಂದು ಮಗಳ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟು ಮೂರು ವರ್ಷವಾಗಿತ್ತು. ಮಗಳು ಊಟದ ಮೇಜಿನ ಮೇಲೆ ಓದಿ ನಡುಮನೆಯಲ್ಲಿ ಮಲಗುತ್ತಿದ್ದಳು. ಅವನು ಬಾಗಿಲು ಹಾಕಿಕೊಂಡು ಗೋಡೆ ನೋಡುತ್ತಿದ್ದ. ಅಪ್ಪ ಬರೆಯುತ್ತಿದ್ದಾರೆ ಎಂದು ಹೊರಗೆ ತಾಯಿ ಮಗಳು ಪಿಸುಗುಟ್ಟುವುದು ಕೇಳಿಸುತ್ತಿತ್ತು. ಜೋರಾಗಿ ಜಗಳವಾಡಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ.

ಬರೆಯುವವರು ಬೇರೆ ಕಲೆಗಳ ಹತ್ತಿರ ಹೋದರೆ ಸ್ಫೂರ್ತಿ ಸಿಗುತ್ತದಂತೆ. ಹೆಂಡತಿ ಎಲ್ಲೋ ಓದಿದ್ದಳು. ಭಾನುವಾರದ ಚಿತ್ರದ ತರಗತಿಗೆ ಅವನ ಹೆಸರು ಬರೆಸಿ ಬಂದಳು. ಈ ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ತರಕಾರಿಯ ವಿಷಯ ಹೇಳುವವಳಂತೆ ಹೇಳಿದಳು: "ಇದ್ರಲ್ಲೂ ಏನೂ ಹುಟ್ಟದಿದ್ರೆ ಕೋಣೆ ಅವಳಿಗೇ ಕೊಟ್ಬಿಡೋಣ."

ಹೊಸ ಪೆನ್ಸಿಲು, ಹೊಸ ಹಾಳೆ ಹಿಡಿದು ಬಂದರೆ, ಮಾದರಿಯಾಗಿ ಕೂರಬೇಕಾದವನು ಕೈಕೊಟ್ಟಿದ್ದ. ಮೇಷ್ಟರು ಸುತ್ತ ಕಣ್ಣಾಡಿಸಿ, ಏನು ಮಾಡಿಕೊಂಡಿದ್ದೀರಿ ಎಂದು ಇವನನ್ನು ಕೇಳಿದರು. ಕಥೆ ಬರೆಯುತ್ತೇನೆ ಎಂದ.

"ಒಳ್ಳೇದಾಯ್ತು. ಸುಮ್ನೆ ಕೂತು ಅಭ್ಯಾಸ ಇರತ್ತೆ."

ಹಾಗೆ ಕೂತಿದ್ದ. ಮೊದಲು ಕತ್ತು ಹಿಡಿಯಿತು. ಆಮೇಲೆ ಎಡಗಾಲು ತನ್ನದಲ್ಲ ಅನ್ನಿಸಿತು. ಹನ್ನೊಂದು ಪೆನ್ಸಿಲುಗಳು ಹಾಳೆಯನ್ನು ಕೆರೆಯುವ ಸದ್ದು ಏಳುತ್ತ ಇಳಿಯುತ್ತ ಒಂದು ಲಯಕ್ಕೆ ಬಂತು. ಆ ಲಯದ ಬೆನ್ನೇರಿ, ಮೂರು ವರ್ಷದಲ್ಲಿ ಮೊದಲ ಬಾರಿಗೆ, ಒಂದು ವಾಕ್ಯ ಬಂತು. ಅಲ್ಪವಿರಾಮದ ಸಮೇತ. ಅದರ ಹಿಂದೆಯೇ, ಕಥೆಯೊಳಗೆ, ಒಬ್ಬ ಹೆಂಗಸು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಳು. ಅವಳು ಯಾಕೆ ಮೇಲೆ ಹತ್ತುತ್ತಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

ಜೇಬಿನ ಪೆನ್ನಿಗೆ ಕೈ ಹಾಕಿದ.

"ಪೆನ್ನು ಮುಟ್ಬೇಡಿ," ಎಂದರು ಮುಂದೆ ಕೂತಿದ್ದ ಅಂಚೆ ಗುಮಾಸ್ತರು. "ಅದೊಂದೇ ನಂಗೆ ಸರಿಯಾಗಿ ಬಂದಿರೋದು."

"ಒಂದೇ ಒಂದು ಸಾಲು ಬರ್ಕೋತೀನಿ."

"ಆಮೇಲೆ ಬರ್ಕೊಳ್ಳಿ," ಎಂದರು ಮೇಷ್ಟರು. "ಎಲ್ಲಿ ಓಡಿಹೋಗತ್ತೆ?"

ಎಲ್ಲರ ಕೈಯಲ್ಲೂ ಕಾಗದವಿತ್ತು, ಪೆನ್ಸಿಲಿತ್ತು. ತಾನು ಹೇಳುತ್ತೇನೆ, ಯಾರಾದರೂ ಮೂಲೆಯಲ್ಲಿ ಗೀಚಿಕೊಳ್ಳಿ ಎಂದು ಬೇಡಿದ. ವಾಕ್ಯದ ಎರಡು ಪದ ಹೇಳುವಷ್ಟರಲ್ಲಿ, ಬಾಯಿ ಅಲ್ಲಾಡಿದರೆ ತುಟಿ ಕೆಡುತ್ತದೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಬಾಯಿ ಮುಚ್ಚಿದ. ಮನಸ್ಸಿನಲ್ಲೇ ಮಗ್ಗಿಯ ಹಾಗೆ ಉರುಹೊಡೆದ. ಹತ್ತನೆಯ ಸಲಕ್ಕೆ ಒಂದು ಪದ ಉದುರಿತು. ಅದರ ಜಾಗಕ್ಕೆ ಇನ್ನೊಂದನ್ನು ತಂದಿಟ್ಟ. ಅದಕ್ಕೆ ಪಕ್ಕದ್ದು ಹೊಂದಲಿಲ್ಲ. ಹೆಂಗಸು ಇಳಿದು ಹೋದಳು. ಸ್ವಲ್ಪ ಹೊತ್ತು ಬರಿಯ ಮೆಟ್ಟಿಲುಗಳಿದ್ದವು. ಆಮೇಲೆ ಅವೂ ಇರಲಿಲ್ಲ.

ಹೊತ್ತು ಮುಗಿಯಿತು. ಕಾಲೆಳೆದುಕೊಂಡು ಒಂದೊಂದೇ ಚಿತ್ರ ನೋಡುತ್ತ ಹೋದ. ಒಬ್ಬರು ಕುರ್ಚಿಯನ್ನು ಮಾತ್ರ ಬರೆದಿದ್ದರು, ಕುರ್ಚಿ ಸೊಗಸಾಗಿತ್ತು. ಕೊನೆಯಲ್ಲಿ ನಿವೃತ್ತ ನರ್ಸಮ್ಮ ಇನ್ನೂ ರಬ್ಬರಿನಿಂದ ತಿಕ್ಕುತ್ತಿದ್ದರು.

"ಮುಖ ಕೂರ್ತಾ ಇಲ್ಲ," ಎಂದರು. "ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೋತೀರಾ?"

ಹೋಗಿ ಕೂತ. ಉಳಿದವರು ಚೀಲ ಹೆಗಲಿಗೇರಿಸಿ ಹೊರಟರು. ಜೇಬಿನಲ್ಲಿ ಫೋನು ನಡುಗಿತು. ಹೆಂಡತಿಯೇ ಇರಬೇಕು. ಏನು ಹುಟ್ಟಿತು ಎಂದು ಕೇಳುತ್ತಾಳೆ. ಅವನು ಕೈ ಎತ್ತಲಿಲ್ಲ. ಅಲ್ಲಾಡಬೇಡಿ ಎಂದು ಈಗ ಯಾರೂ ಹೇಳಿರಲಿಲ್ಲ.

ನರ್ಸಮ್ಮ ಬರೆದರು, ತಿಕ್ಕಿದರು, ಬರೆದರು, ತಿಕ್ಕಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಹಾಳೆ ಬಿಚ್ಚಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

"ಮುಂದಿನ ವಾರ ಬರ್ತೀರಲ್ಲ?"

"ಇದೇ ಅಂಗಿ ಹಾಕ್ಕೊಂಡು ಬರ್ಲಾ?" ಎಂದು ಕೇಳಿದ.

ಹಾಳೆಯಲ್ಲಿ ಅಂಗಿಯ ಕೊರಳಪಟ್ಟಿ, ಗುಂಡಿ, ಎರಡೂ ಕಿವಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕಿವಿಗಳ ನಡುವೆ ಕಾಗದ ಸವೆದು ತೂತಾಗಿತ್ತು. ತೂತಿನ ಆಚೆ, ಎದುರು ತಾರಸಿಯಲ್ಲಿ, ಯಾರೋ ಒಂದು ಬಿಳಿಯ ಹೊದಿಕೆಯನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವುತ್ತಿದ್ದರು.