ಎಡಗಡೆಯ ಮೆಟ್ಟಿಲು

ಮಾಘ ಮಾಸ, ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ, ಬೆಳಗಿನ ಹತ್ತು ಗಂಟೆ ಆಗಿರಬೇಕು, ಕಿಟಕಿಯಿಂದ ಒಂದು ಹತ್ತಿಯ ಎಳೆ ತೇಲಿ ಬಂದು ಎಂಜಿನ್ನಿನ ಚಿಮಣಿಯ ಮೇಲೆ ಕೂತಿತು, ಬಿಳಿ ಹೊಗೆಯ ಹಾಗೆ, ಬೆಂಕಿ ಸರಿಯಾಗಿ ಹಿಡಿದಾಗ ಬರುವ ತೆಳು ಹೊಗೆ — ಕೆಳಗೆ ಲಾರಿಯಿಂದ ಹತ್ತಿಯ ಅಂಡಿಗೆ ಇಳಿಸುತ್ತಿದ್ದಾರೆ, ಹಮಾಲರ ಕೂಗು ಮಹಡಿಯವರೆಗೂ ಬರುತ್ತದೆ, ಗೋದಾಮೂ ಚನ್ನಬಸಯ್ಯನವರದು, ಮಹಡಿಯೂ ಅವರದು, ಮಹಡಿಯ ತುಂಬ ಹಲಗೆ ಹೊಡೆಸಿ ಬೆರಳಗಲದ ಹಳಿ ಹಾಸಿದ್ದಾರೆ, ಬೂಟಿನ ಡಬ್ಬಿಯಷ್ಟು ಸ್ಟೇಷನ್ನು, ಪೆನ್ಸಿಲಿನಷ್ಟು ಸಿಗ್ನಲ್ಲು, ಅರವತ್ತು ದಾಟಿದ ಸಾವುಕಾರ ರೈಲಾಟ ಆಡ್ತಾನ ಎಂದು ಹಮಾಲರು ನಗುತ್ತಾರೆ, ನನಗೆ ನಗು ಬರುವುದಿಲ್ಲ, ಮೂವತ್ತೆರಡು ವರ್ಷ ನಿಜವಾದದ್ದರ ಕೆಳಗೆ ಮಲಗಿ ನಟ್ಟು ತಿರುಗಿಸಿದವನಿಗೆ ಇದು ಆಟ ಅನ್ನಿಸುವುದು ಹೇಗೆ, ಹತ್ತಿಯ ಎಳೆಯನ್ನು ಮೌನಿಕಾ ಚಿಮುಟದಿಂದ ಎತ್ತಿದಳು, ಹೂವು ಕಿತ್ತ ಹಾಗೆ, ತಾತಾ ಹತ್ರ ಬರ್ರಿ, ಅಲ್ಲಿ ಕುಂತು ಏನ್ ಕಾಣ್ತದ ನಿಮಗ, ಅಂದಳು. ಹತ್ತಿರ ಬಂದೆ. ಬಣ್ಣ ಬಳಿಯದ ಬೂದಿಯಂಥ ಎಂಜಿನ್ನು, ಗೇಣಿಗಿಂತ ನಾಲ್ಕು ಬೆರಳು ಉದ್ದ, ಮಾದರಿ ಎಂಜಿನ್ ಮಾಡುವ ಕಂಪನಿಯವರು ಮಾರುವ ಮೊದಲು ಇವರ ರೈಲು ಕೂಟಕ್ಕೆ ಕಳಿಸಿದ್ದಾರೆ, ತಪ್ಪಿದ್ದರೆ ಇವತ್ತು ಮಧ್ಯಾಹ್ನದೊಳಗೆ ತಿಳಿಸಿ, ಆಮೇಲೆ ಅಚ್ಚು ಹೊಡೆದುಬಿಡುತ್ತೇವೆ, ಐನೂರು ಎಂಜಿನ್, ಒಂದೇ ಅಚ್ಚು — ಮತ್ತು ಇದು ಯಾವುದೋ ಎಂಜಿನ್ ಅಲ್ಲ, ನಲವತ್ತೇಳು, ನಂಬರಿನ ಬಾಲದ ಎರಡಂಕಿ ಹಿಡಿದು ನಾವು ಶೆಡ್ಡಿನಲ್ಲಿ ಕರೆಯುತ್ತಿದ್ದ ಹೆಸರು, ಅದಕ್ಕೇ ನನ್ನನ್ನೂ ಕರೆಸಿದ್ದಾರೆ, ಈಗ ನಿಜವಾದದ್ದನ್ನು ಒಂದು ಆಫೀಸಿನ ಮುಂದೆ ಕಟ್ಟೆ ಕಟ್ಟಿ ಬಣ್ಣ ಬಳಿದು ನಿಲ್ಲಿಸಿದ್ದಾರೆ, ಕಂಪನಿಯವರು ಅಲ್ಲಿಗೇ ಹೋಗಿ ಟೇಪು ಹಿಡಿದು ಅಳೆದು ಬಂದರಂತೆ, ಬೋಲ್ಟು ಬೋಲ್ಟನ್ನೂ ಎಣಿಸಿದರಂತೆ, ಅಳೆಯುವವರಿಗೇನು, ಕಂಡದ್ದನ್ನು ಅಳೆಯುತ್ತಾರೆ.

ಚಿಮಣಿ ಸರಿ, ಡೋಮ್ ಸರಿ, ಎಡಗಡೆಯ ಪಂಪಿನ ಪೈಪು ಒಂದು ಕೂದಲೆಳೆ ಮೇಲಾಗಿದೆ ಎಂದು ಸೋಮೇಶ್ ಬರೆದುಕೊಂಡ, ಸೋಮೇಶ್ ಗೋನೆಗಂಡ್ಲದ ಸ್ಕೂಲಿನ ಮಾಸ್ತರ, ಲೆಕ್ಕ ಹೇಳುವವನು, ಅದಕ್ಕೇ ಇಷ್ಟು ಹಟ, ಹದಿಮೂರು ತಪ್ಪು ಹಿಡಿದಿದ್ದಾನೆ, ಪ್ರತಿಯೊಂದಕ್ಕೂ ಅಂಕಿ ಹಾಕಿ, ಉಗ್ಗಾನಿ-ಮಿರ್ಚಿ ತಿಂದ ಕೈ ಒರೆಸಿಕೊಳ್ಳುವುದಕ್ಕೂ ಬಿಡುವಿಲ್ಲ, ಎಣ್ಣಿ ಕೈಲೆ ಮುಟ್ಟಬ್ಯಾಡೋ ಮಾಸ್ತರ, ಅದೇನು ನಿನ್ನ ಮಿರ್ಚಿ ಅಂದ್ಕೊಂಡಿ ಏನು, ಎಂದು ಚನ್ನಬಸಯ್ಯನವರು ಗದರಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ ಅನ್ನಿಸುತ್ತದೆ, ಅಷ್ಟರಲ್ಲಿ ಮೌನಿಕಾ ಭೂತಗನ್ನಡಿ ಹಿಡಿದು, ಇಲ್ಲಿ ನೋಡ್ರಿ ಸಾರ್, ಕ್ಯಾಬಿಗೆ ಹತ್ತೋ ಕೆಳಗಿನ ಮೆಟ್ಲು, ಬಲಕ್ಕ ಮೂರು ಬೋಲ್ಟ್ ಅದಾವ, ಎಡಕ್ಕ ನಾಕು ಯಾಕ, ಅಂದಳು. ನಲವತ್ತೈದು ವರ್ಷ. ಸಾಹೇಬರು ನೋಡಿದರು, ಫೋರ್‌ಮನ್ ನೋಡಿದ, ಬಣ್ಣ ಬಳಿದವರು ನೋಡಿದರು, ಒಬ್ಬನೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಣಿಸಲಿಲ್ಲ, ಈ ಹುಡುಗಿ ಎಮ್ಮಿಗನೂರಿನಲ್ಲಿ ಮಗ್ಗದ ಸೀರೆಗೆ ಕಂಪ್ಯೂಟರಿನಲ್ಲಿ ಅಂಚು ಬಿಡಿಸುವವಳು, ಎಳೆ ಎಣಿಸಿ ಎಣಿಸಿ ಕಣ್ಣು ಹಾಗಾಗಿದೆ, ಸಾಸಿವೆಯ ಕಾಲುಭಾಗವೂ ಇಲ್ಲದ ಬೋಲ್ಟನ್ನು ಎಣಿಸಿದಳು — ಮತ್ತು ಬೇರೆ ಯಾರೂ ಅಲ್ಲ, ಇವಳೇ ಎಣಿಸಬೇಕಿತ್ತೇ, ಯರ್ರೆಪ್ಪನ ಮೊಮ್ಮಗಳು.

ಯರ್ರೆಪ್ಪ ಫೈರ್‌ಮನ್, ನನಗಿಂತ ಎಂಟು ವರ್ಷ ದೊಡ್ಡವನು, ಅಣ್ಣಾ ಅನ್ನುತ್ತಿದ್ದೆ, ಕಲ್ಲಿದ್ದಲು ಎರಚುವ ಕೈ ಅವನದು, ನೆಲ ತೊಳೆಯುವ ಹೆಂಗಸಿನ ಕೈಯ ಹಾಗೆ ಸರಾಗ, ನಾನು ಆಗ ಶೆಡ್ಡಿನ ಖಲಾಸಿ, ಪೆದ್ದಹರಿವಾಣದಿಂದ ಬಂದವನು, ಎರಡನೆಯ ಕ್ಲಾಸಿಗೆ ಸ್ಕೂಲು ಬಿಟ್ಟವನು, ಓದಲು ಬಾರದ ಖಲಾಸಿಗಳಿಗಾಗಿ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು, ಎಂಜಿನ್ ತಂದವರು ಕೆಟ್ಟ ಭಾಗದ ಸುತ್ತ ಚಾಕಿನಿಂದ ಒಂದು ಸುತ್ತು ಬರೆಯುತ್ತಿದ್ದರು, ರಿಪೇರಿ ಆದ ಮೇಲೆ ಖಲಾಸಿಯೇ ಅದನ್ನು ಹತ್ತಿಯ ವೇಸ್ಟಿನಿಂದ ಒರೆಸಬೇಕು, ಸುತ್ತು ಇದ್ದರೆ ಕೆಟ್ಟಿದೆ, ಇಲ್ಲದಿದ್ದರೆ ಆಗಿದೆ, ಅಷ್ಟೇ, ಬುಕ್ಕಿನಲ್ಲಿ ಯಾರು ಏನೇ ಬರೆಯಲಿ, ಎಂಜಿನ್ ಹತ್ತುವವನು ಕಬ್ಬಿಣ ನೋಡಿ ಹತ್ತುತ್ತಿದ್ದ. ಯುಗಾದಿಯ ಹಿಂದಿನ ಮಧ್ಯಾಹ್ನ ಯರ್ರೆಪ್ಪನೇ ಬರೆದ ಸುತ್ತು, ಎಡಗಡೆಯ ಮೆಟ್ಟಿಲಿಗೆ, ಪಕೀರಾ ಮೆಟ್ಲು ಅಲ್ಲಾಡ್ತೈತಲೋ, ಎರಡು ಬೋಲ್ಟ್ ಹ್ವಾದಂಗ ಐತಿ, ನೋಡೋ ಮಾರಾಯ, ಹಬ್ಬಕ್ಕ ಊರಿಗೆ ಹೋಗೂದರಾಗ ಮರೀಬ್ಯಾಡ. ಮರೆಯಲಿಲ್ಲ. ಅದೇ ನನ್ನನ್ನು ತಿನ್ನುವುದು, ಮರೆತಿದ್ದರೆ ಮರೆವು ಅನ್ನಬಹುದಿತ್ತು. ಬೋಲ್ಟಿಗೆ ಸ್ಟೋರಿಗೆ ಹೋದೆ, ಸ್ಟೋರಿನವನು ಬೀಗ ಹಾಕಿ ಹೋಗಿದ್ದ, ಸಂಜೆಯ ಪ್ಯಾಸೆಂಜರ್ ಐದಕ್ಕೆ, ಅದು ತಪ್ಪಿದರೆ ಊರಿಲ್ಲ, ಹೋಳಿಗೆ ಇಲ್ಲ, ಹೊಸ ಮದುವೆ, ಹೆಂಡತಿ ಕಾಯುತ್ತಿದ್ದಾಳೆ, ತಂತಿ ತಂದು ಎಂಟು ಸುತ್ತು ಬಿಗಿದೆ, ಕಾಲಿಟ್ಟು ನೋಡಿದೆ, ಅಲ್ಲಾಡಲಿಲ್ಲ, ಹಬ್ಬ ಮುಗಿಸಿ ಬಂದು ಹಾಕಿದರಾಯಿತು — ಅಲ್ಲಿಯವರೆಗೂ ತಪ್ಪಿಲ್ಲ, ಸುತ್ತನ್ನು ಹಾಗೇ ಬಿಟ್ಟು ಬಂದಿದ್ದರೆ ತಪ್ಪಿಲ್ಲ, ಆದರೆ ಸುತ್ತು ಕಂಡರೆ ಫೋರ್‌ಮನ್ ನನ್ನನ್ನು ಬಿಡುವುದಿಲ್ಲ, ವೇಸ್ಟು ತೆಗೆದುಕೊಂಡೆ, ಒರೆಸಿದೆ.

ಎರಡು ದಿನ ತಂತಿ ತಡೆಯಿತು. ಮೂರನೆಯ ದಿನ ಯರ್ರೆಪ್ಪ ಡ್ಯೂಟಿಗೆ ಬಂದ, ಹತ್ತುವ ಮೊದಲು ಬಗ್ಗಿ ನೋಡಿದ, ಸುತ್ತು ಇರಲಿಲ್ಲ, ಇದನ್ನು ಡ್ರೈವರ್ ರಂಗನಾಥ ಆಮೇಲೆ ಹೇಳಿದ್ದು, ಬಗ್ಗಿ ನೋಡಿ ಕಬ್ಬಿಣಕ್ಕೆ ಎರಡು ಸಲ ತಟ್ಟಿ, ಪಕೀರ ಮಾಡ್ಯಾನ, ಅಂದನಂತೆ, ಹೊರಗಿನ ಸಿಗ್ನಲ್ಲಿನ ಹತ್ತಿರ ಗಾಡಿ ನಿಧಾನವಾದಾಗ ಗಾಲಿಯ ಇರುಸು ಕಾದು ಸುಡುತ್ತಿದೆಯೇ ನೋಡಲು ಎಡಗಡೆಯ ಮೆಟ್ಟಿಲಿಗೆ ಕಾಲಿಟ್ಟ — ರಂಗನಾಥನೂ ಸತ್ತು ಹದಿನೈದು ವರ್ಷ, ಅವನಿಗೂ ನಾನು ಹೇಳಲಿಲ್ಲ — ನಲವತ್ತೇಳನ್ನು ತಿರುಗಿ ಶೆಡ್ಡಿಗೆ ತಂದರು, ಮೆಟ್ಟಿಲೇ ಇರಲಿಲ್ಲ, ಹಳಿಯ ಪಕ್ಕ ಎಲ್ಲೋ ಬಿದ್ದಿತ್ತು, ಆ ಗದ್ದಲದಲ್ಲಿ ಯಾರೂ ಅದನ್ನು ನೋಡಿರಲಿಲ್ಲ, ಆಗಷ್ಟೇ ಊರಿಂದ ಬಂದಿದ್ದ ನಾನು, ವಿಚಾರಣೆಯ ಸಾಹೇಬರು ಬರುವುದರೊಳಗೆ, ಮೂಲೆಯಲ್ಲಿ ಸತ್ತು ನಿಂತಿದ್ದ ಇನ್ನೊಂದು ಎಂಜಿನ್ನಿನ ಮೆಟ್ಟಿಲು ಬಿಚ್ಚಿದೆ, ಅದು ನಾಲ್ಕು ಬೋಲ್ಟಿನದು, ನಾಲ್ಕನೆಯದಕ್ಕೆ ತೂತು ಕೊರೆದು ಕೂಡಿಸಿದೆ, ಮಸಿ ಬಳಿದೆ, ಸಾಹೇಬರು ಬಂದು ಕಾಲಿಟ್ಟು ನೋಡಿದರು, ಬಂಡೆಯ ಹಾಗೆ ನಿಂತಿತ್ತು, ಮೆಟ್ಟಿಲು ಮೊದಲಿನಿಂದ ಗಟ್ಟಿಯೇ ಏನಪ್ಪಾ, ತಲೆಯಾಡಿಸಿದೆ, ಹಾಗಾದರೆ ಮನುಷ್ಯ ಯಾಕೆ ಬಿದ್ದ, ಹಬ್ಬ ಅಲ್ಲವೇ, ಕುಡಿದಿದ್ದನೇ, ನಾನು ನೆಲ ನೋಡಿದೆ, ನಾನು ನೆಲ ನೋಡಿದ್ದನ್ನು ಅವರು ಹೌದು ಎಂದು ಬರೆದುಕೊಂಡರು.

ಅದೇ ಕದಾ ನಾನು ಹೇಳೂದು, ಎಂದು ಸೋಮೇಶ್ ಫೋಟೋ ಚಾಚಿ ಹೇಳುತ್ತಿದ್ದಾನೆ, ಕಟ್ಟೆ ಮ್ಯಾಲಿನ ಎಂಜಿನ್‌ಗೆ ಎಡಕ್ಕ ನಾಕೇ ಅದಾವ, ಮಾಡೆಲ್ ಕರೆಕ್ಟ್ ಐತಿ, ಚನ್ನಬಸಯ್ಯನವರು ಒಪ್ಪುವುದಿಲ್ಲ, ಡ್ರಾಯಿಂಗಿನ್ಯಾಗ ಎರಡೂ ಕಡಿ ಮೂರು, ಮದಿವಿ ಹೆಣ್ಣಿಗೆ ಒಂದು ಬಳಿ ಹೆಚ್ಚಾದ್ರ ನಡೀತೈತಿ ಮಾಸ್ತರ, ಎಂಜಿನ್ನಿಗೆ ಬೋಲ್ಟ್ ಹೆಚ್ಚಾದ್ರ ಯಾಕಂತ ಕೇಳಬೇಕು, ಅಲ್ಲೇನೋ ಆಗೈತಿ, ಸುಮ್ನ ಯಾರೂ ತೂತು ಕೊರಿಯಂಗಿಲ್ಲ. ಸುಮ್ಮನೆ ಯಾರೂ ಕೊರೆಯುವುದಿಲ್ಲ, ಸರಿಯಾಗಿ ಹೇಳಿದರು. ಆಯ್ತಪಾ, ಸಾಕ್ಷಿ ಇಲ್ಲೇ ಕುಂತಾನಲ್ಲ, ಪಕೀರಪ್ಪಾ ನೀ ಹೇಳು, ನಾಕೋ ಮೂರೋ, ನೀ ಏನಂತಿ ಅದನ್ನ ಬರದು ಕಳಿಸ್ತೀವಿ, ಅಂದರು. ಮೂವರೂ ನನ್ನ ಕಡೆ ನೋಡುತ್ತಿದ್ದಾರೆ. ನಾಲ್ಕು ಅಂದರೆ ಮುಗಿಯಿತು, ಸುಳ್ಳೂ ಅಲ್ಲ, ಹೋಗಿ ನೋಡಿದರೆ ನಾಲ್ಕೇ ಇವೆ, ಚಹಾ ಕುಡಿದು ಬಸ್ಸು ಹಿಡಿಯಬಹುದು, ಎಪ್ಪತ್ತು ದಾಟಿದವನನ್ನು ಯಾರು ಕೇಳುತ್ತಾರೆ, ನಾಲಿಗೆಯ ಮೇಲೆ ನಾಲ್ಕು ಬಂದು ಕೂತಿತ್ತು, ಆಗ ಈ ಹುಡುಗಿ ನಗುತ್ತ, ಜಲ್ದಿ ಹೇಳ್ರಿ ತಾತಾ, ಐನೂರರಾಗ ಒಂದು ನಂದು, ಬುಕ್ ಮಾಡೀನಿ, ಅವ್ವಗ ಕೊಡಾಕ, ನಮ್ಮ ತಾತನ ಫೋಟೋ ಇಷ್ಟು ವರ್ಷ ಟ್ರಂಕಿನ್ಯಾಗ ಇಟ್ಟಾಳ, ಗ್ವಾಡಿಗೆ ಹಾಕು ಅಂದ್ರ ಕುಡುದು ಸತ್ತಾಂವನ ಫೋಟೋ ಎಲ್ಲಿ ಹಾಕ್ಲಿ ಅಂತಾಳ, ನಾ ಬಿಡಂಗಿಲ್ಲ, ಫೋಟೋ ಹಾಕಿ ಅದರ ಮುಂದ ಈ ಎಂಜಿನ್ ಇಡ್ತೀನಿ, ಕುಡದ್ರ ಕುಡುದ, ಎಂಜಿನ್ ಹೊಡದದ್ದಂತೂ ಖರೆ ಹೌದಲ್ಲ, ಅಂದಳು. ಹೇಮಾವತಿ. ಇವಳವ್ವ, ಆಗ ಆರು ವರ್ಷದ ಹುಡುಗಿ, ಎರಡು ಜಡೆ, ಶೆಡ್ಡಿನ ಗೇಟಿಗೆ ಬುತ್ತಿ ತರುತ್ತಿದ್ದಳು, ಕಾಕಾ ನಮ್ಮಪ್ಪನ್ನ ಕರೀರಿ ಅನ್ನುತ್ತಿದ್ದಳು ನನಗೆ, ಅವಳ ಮನೆಯ ಗೋಡೆಗೆ, ಅಪ್ಪನ ಮುಖದ ಮುಂದೆ, ನನ್ನ ಮೆಟ್ಟಿಲು, ನಾಲ್ಕು ಬೋಲ್ಟಿನದು, ದಿನಾ ಬೆಳಗ್ಗೆ ಒರೆಸಿ ಇಡುತ್ತಾಳೆ, ಹೂವು ಇಡುತ್ತಾಳೆ.

ನಾಕೂ ಅಲ್ಲ ಮೂರೂ ಅಲ್ಲ, ಅಂದೆ, ಒಂದಽ ಬೋಲ್ಟ್ ಇತ್ತು, ಉಳಿದದ್ದು ತಂತಿ, ನಾ ಕಟ್ಟಿದ್ದು. ಸೋಮೇಶ್ ಎದ್ದೇ ನಿಂತ, ತಂತೀನಾ! ಯಾವ ಪುಸ್ತಕದಾಗೂ ಇಲ್ಲ ಇದು, ಸಾವುಕಾರ್ರೇ ಬರಕೋತೀನಿ, ಹದಿನಾಕನೇದು, ಎಡಗಡಿ ಮೆಟ್ಲು, ಒಂದು ಬೋಲ್ಟು, ತಂತಿ, ಎಷ್ಟು ಸುತ್ತು ಕಟ್ಟಿದ್ರಿ ತಾತಾ, ಎಂಟು ಅಂದೆ, ಎಂಟು ಎಂದು ಬರೆದುಕೊಂಡ, ಯಾವ ವರ್ಷದ ಮಾತು, ವರ್ಷ ಹಾಕಲಿಲ್ಲ ಅಂದ್ರ ಕಂಪನಿಯವರು ಒಪ್ಪಂಗಿಲ್ಲ. ನಲವತ್ತೈದು ವರ್ಷ ಆತಪ್ಪ, ಯುಗಾದಿ ಆದ ಮ್ಯಾಲಿನ ದಿನ ಮುರುದು ಬಿತ್ತು. ಮೌನಿಕಾಳ ಕೈಯ ಚಿಮುಟ ಹಲಗೆಯ ಮೇಲೆ ನಿಂತಿತು. ಆ ದಿನ ನಮ್ಮವ್ವ ಒಲಿ ಹಚ್ಚಂಗಿಲ್ಲ, ಅಂದಳು, ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ. ಸೋಮೇಶ್ ಇನ್ನೂ ಬರೆಯುತ್ತಲೇ ಇದ್ದ, ಚನ್ನಬಸಯ್ಯನವರು ಅವನ ಕೈಯಿಂದ ಪೆನ್ನು ತೆಗೆದುಕೊಂಡರು. ಅವರಿಗೆ ತಿಳಿಯಿತು. ಕೆಳಗೆ ಹಮಾಲರು ಯಾರನ್ನೋ ಬೈಯುತ್ತಿದ್ದಾರೆ. ಆಮೇಲೆ ಎಲ್ಲವನ್ನೂ ಹೇಳಿದೆ, ಸುತ್ತು, ವೇಸ್ಟು, ಐದರ ಪ್ಯಾಸೆಂಜರ್, ಸತ್ತ ಎಂಜಿನ್ನಿನ ಮೆಟ್ಟಿಲು, ನೆಲ ನೋಡಿದ್ದು, ಎಷ್ಟು ಹೊತ್ತು ಹೇಳಿದೆನೋ, ನಲವತ್ತೈದು ವರ್ಷ ಹೊತ್ತದ್ದು ಚಹಾ ಆರುವಷ್ಟರಲ್ಲಿ ಮುಗಿದುಹೋಯಿತು, ಇಷ್ಟೇ ಇತ್ತೇ ಅನ್ನಿಸಿತು.

ಕುಡುದಿದ್ನಾ, ಎಂದಷ್ಟೇ ಕೇಳಿದಳು. ಇಲ್ಲವ್ವಾ, ಹನಿ ಸುದ್ದಾ ಮುಟ್ಟಿದಾಂವ ಅಲ್ಲ, ನಾವು ಕುಡುದ್ರ ನಮಗ ಬೈತಿದ್ದ. ತಾತ ಅನ್ನುತ್ತಾಳೇನೋ ಎಂದು ಕಾದೆ, ಬೈದರೂ ತಾತ ಎಂದು ಸೇರಿಸಿ ಬೈದರೆ ಸಾಕಿತ್ತು. ನಾ ನಿನ್ನ ಸಂಗಾಟ ಬರ್ತೀನವ್ವಾ, ಹೇಮಾವತಿಗೆ ನಾನಽ ಹೇಳ್ತೀನಿ, ಆಕಿ ಏನ್ ಮಾಡಿದ್ರೂ ಮಾಡ್ಲಿ, ಅಂದೆ. ಬ್ಯಾಡ, ಅಂದಳು. ನೀವು ಬಂದ್ರ ಅವ್ವ ನಿಮ್ಮ ವಯಸ್ಸು ನೋಡ್ತಾಳ, ಕಾಲಿಗೆ ಬಿದ್ರಿ ಅಂದ್ರ ಎತ್ತಿ ಕುಂದ್ರಿಸಿ ಚಾ ಕೊಡ್ತಾಳ, ಆಕಿ ಅಂಥಾಕಿ, ನಿಮಗ ಅಷ್ಟು ಸಲೀಸು ಮಾಡಿಕೊಡಂಗಿಲ್ಲ ನಾ, ನಾನಽ ಹೇಳ್ತೀನಿ. ಮಾತು ಸರಿ. ಯರ್ರೆಪ್ಪನ ಮೊಮ್ಮಗಳೇ. ಕ್ಯಾಬಿನ ಕೆಳಗೆ ಉಗುರು ಸಿಕ್ಕಿಸಿ ಆ ಮೆಟ್ಟಿಲನ್ನು ಮುರಿದಳು, ಟಿಕ್ ಎಂದು ಸಣ್ಣ ಸದ್ದು, ಕಂಪನಿ ಮಾದರಿ ಅದು, ಅಂದ ಸೋಮೇಶ್, ಮುರಿದದ್ದನ್ನು ನನ್ನ ಮುಂದೆ ಇಟ್ಟಳು, ಹೆಲ್ಮೆಟ್ಟು ತೆಗೆದುಕೊಂಡಳು. ಕಂಪನಿಗೆ ಏನಂತ ಬರೀಲಿ, ಎಂದು ಸೋಮೇಶ್ ಕೇಳುತ್ತಾನೆ, ಪೆನ್ನು ಇನ್ನೂ ಚನ್ನಬಸಯ್ಯನವರ ಕೈಯಲ್ಲೇ ಇದೆ, ಕೆಳಗೆ ಸ್ಕೂಟಿ ಒಂದು ಸಲ ಹತ್ತಲಿಲ್ಲ, ಎರಡನೆಯ ಸಲ ಹತ್ತಿತು, ಸದ್ದು ಎಮ್ಮಿಗನೂರಿನ ರಸ್ತೆಯ ಕಡೆಗೆ ತಿರುಗಿತು, ಸಂಜೆಯೊಳಗೆ ಹೇಮಾವತಿಗೆ ಗೊತ್ತಾಗುತ್ತದೆ, ಟ್ರಂಕು ತೆರೆಯುತ್ತಾಳೆ, ನನಗೆ ಆ ಮನೆ ಕಾಣುವುದಿಲ್ಲ, ಎಷ್ಟು ನೆನೆದರೂ ಕಾಣುವುದು ಅದೊಂದೇ — ಯರ್ರೆಪ್ಪ ಹತ್ತುವ ಮೊದಲು ಬಗ್ಗುತ್ತಾನೆ, ಬಗ್ಗಿ ನೋಡುತ್ತಾನೆ, ಕಬ್ಬಿಣ ಶುಭ್ರವಾಗಿದೆ, ಸುತ್ತು ಇಲ್ಲ, ಬಗ್ಗಿ ನೋಡುತ್ತಾನೆ, ಸುತ್ತು ಇಲ್ಲ, ಎರಡು ಸಲ ತಟ್ಟುತ್ತಾನೆ, ಬಗ್ಗಿ ನೋಡುತ್ತಾನೆ.