ಮುಂದಿನ ತಾರೀಖಿನ ಕಾರ್ಡು

ನಮ್ಮ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರುವ ಯೋಗವಿಲ್ಲ. ಅಪ್ಪ ಊಟದ ನಡುವೆ ಮೂರು ಸಲ ಎದ್ದುಹೋಗಿ ಕಟ್ಟಿಗೆಯ ರಾಶಿ ನೋಡಿಕೊಂಡು ಬರುತ್ತಿದ್ದರು. ನಾನು ಮೂವತ್ತೊಂದು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ರಜೆಯ ದಿನ ಕಾಲ ಕೆಳಗೆ ಪೆಡಲ್ ಇಲ್ಲದಿದ್ದರೆ ಮೈ ಪರಚಿಕೊಳ್ಳುವಂತಾಗುತ್ತದೆ. ನನ್ನ ತಮ್ಮ ತೌನೊ ನಮ್ಮೆಲ್ಲರನ್ನೂ ಮೀರಿಸಿದವನು. ಹೆಂಡತಿ ಬಿಟ್ಟುಹೋದ ಮೇಲೆ ಅವನು ಬಾಡಿಗೆ ಮನೆ ಖಾಲಿ ಮಾಡಿದ. ಆಗಿನಿಂದ ಹಿಮ ಕರಗಿದ ಕೂಡಲೇ ಕಾಡು ಸೇರುತ್ತಾನೆ, ಮತ್ತೆ ಹಿಮ ಬಿದ್ದು ದಾರಿ ಮುಚ್ಚುವವರೆಗೆ ಡೇರೆಯಲ್ಲೇ ಇರುತ್ತಾನೆ. ಚಳಿಗಾಲದ ಐದಾರು ತಿಂಗಳು ನನ್ನ ಮನೆಯ ಹಿಂದಿನ ಕೋಣೆಯಲ್ಲಿರುತ್ತಾನೆ. ಇರುತ್ತಾನೆ ಅನ್ನುವುದು ತಪ್ಪು, ಗೋಡೆಯಿಂದ ಗೋಡೆಗೆ ನಡೆಯುತ್ತಾನೆ. ಮಾರ್ಚಿನ ಹೊತ್ತಿಗೆ ನೆಲಹಾಸು ಸವೆದಿರುತ್ತದೆ, ನನ್ನ ತಾಳ್ಮೆಯೂ ಸವೆದಿರುತ್ತದೆ.

ನಮ್ಮೂರು ಬರಾಗದ ಸುತ್ತ ಸರ್ಕಾರದ ಕಾಡಿಗೆ ಕೊನೆಮೊದಲಿಲ್ಲ. ಅಲ್ಲಿ ಡೇರೆ ಹಾಕಲು ದುಡ್ಡು ಕೊಡಬೇಕಿಲ್ಲ, ಯಾರ ಕಾಲನ್ನೂ ಹಿಡಿಯಬೇಕಿಲ್ಲ. ನಲ್ಲಿ ಇಲ್ಲ, ಕಕ್ಕಸು ಇಲ್ಲ, ಪಕ್ಕದ ಡೇರೆಯವರ ರೇಡಿಯೋ ಇಲ್ಲ. ಹೆಸರು ಮತ್ತು ಬಂದ ತಾರೀಖು ಬರೆದ ಒಂದು ಕಾರ್ಡನ್ನು ಡೇರೆಯ ಹತ್ತಿರ ಕಣ್ಣಿಗೆ ಬೀಳುವಂತೆ ಹಾಕಬೇಕು, ಹದಿನೈದು ರಾತ್ರಿ ಕಳೆದ ಮೇಲೆ ಜಾಗ ಬದಲಿಸಬೇಕು, ಅಷ್ಟೇ. ತೌನೊನ ಅಕ್ಷರವೋ ಕೋಳಿ ಕೆದರಿದ ಹಾಗೆ. ಹಾಗಾಗಿ ಏಪ್ರಿಲ್‌ನಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತು ಇಡೀ ವರ್ಷದ್ದನ್ನು ನಾನೇ ಬರೆದುಕೊಟ್ಟುಬಿಡುತ್ತೇನೆ. ಹದಿನೈದು ದಿನಕ್ಕೊಂದರಂತೆ, ಅಕ್ಟೋಬರ್ ಇಪ್ಪತ್ತಮೂರರವರೆಗೆ ಹದಿಮೂರು ಕಾರ್ಡು. ಬಸ್ಸಿನ ವರದಿ ಬರೆಯುವ ನೀಲಿ ಶಾಯಿಯ ಪೆನ್ನಿನಲ್ಲೇ, ದುಂಡಗೆ.

ಮೊದಲೆಲ್ಲ ಅವನು ಜಾಗ ಬದಲಿಸುತ್ತಿದ್ದ. ಮಂಡಿ ಸವೆದ ಮೇಲೆ ಡೇರೆ ಬಿಚ್ಚುವ ಗೋಜಿಗೆ ಹೋಗದೆ ಬರೀ ಕಾರ್ಡು ಬದಲಿಸತೊಡಗಿದ. ನನಗೆ ಗೊತ್ತಿತ್ತು. ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಜುಲೈನಲ್ಲಿ ಕಾಡಿನ ಆಫೀಸರ್ ಕೊಲೀನ್ ಬೋಶಾಂ ಅವನನ್ನು ಹಿಡಿದಳು. ನನ್ನ ಬಸ್ಸಿನಲ್ಲೇ ಹನ್ನೆರಡು ವರ್ಷ ಓಡಾಡಿದ ಹುಡುಗಿ, ಕಣ್ಣು ಬಹಳ ಚುರುಕು. ಕಾರ್ಡು ಹೊಸದು, ಡೇರೆಯ ಅಡಿಯ ಹುಲ್ಲು ಮಾತ್ರ ತಿಂಗಳ ಹಿಂದೆಯೇ ಬೆಳ್ಳಗೆ ಸತ್ತಿದೆ ಎಂದು ತೋರಿಸಿದಳಂತೆ. ಇನ್ನೊಂದು ಸಲ ಹೀಗಾದರೆ ಈ ಕಾಡಿನಲ್ಲಿ ಎಲ್ಲಿಯೂ ಡೇರೆ ಹಾಕಲು ಬಿಡುವುದಿಲ್ಲ ಎಂದಳಂತೆ. ಆ ಶನಿವಾರ ತೌನೊ ಇದನ್ನು ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

"ಐದಾರು ತಿಂಗಳು ಗೋಡೆ ನೋಡೋಕೇ ನನ್ನ ಕೈಲಾಗಲ್ಲ ಅಕ್ಕ," ಎಂದ. "ಹನ್ನೆರಡು ತಿಂಗಳು ಅಂದ್ರೆ ನನ್ನನ್ನ ಈಗಲೇ ಹೂತುಬಿಡು."

ಶನಿವಾರ ಅಂದೆನಲ್ಲ, ಅವತ್ತು ನಮ್ಮಲ್ಲಿ ಸೌನಾ. ಹಿತ್ತಲ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಬೆವರಿಳಿಸಿಕೊಂಡು ವಾರದ ಕೊಳೆ ತೆಗೆಯುವುದು. ಜ್ವರ ಬಂದರೂ ತೌನೊ ಅದನ್ನು ತಪ್ಪಿಸಿದವನಲ್ಲ. ಸೆಪ್ಟೆಂಬರ್ ಇಪ್ಪತ್ತೊಂದರ ಶನಿವಾರ ಅವನು ಬರಲಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ಕೋಪ. ಕಲ್ಲು ಕಾಯ್ದು ಕಾಯ್ದು ತಣ್ಣಗಾಯಿತು. ಟ್ರೌಟ್ ಮೀನಿನ ಕಾಲ ತಿಂಗಳ ಕೊನೆಗೆ ಮುಗಿಯುತ್ತದೆ, ಗಾಳ ಹಿಡಿದು ಕೂತು ವಾರವನ್ನೇ ಮರೆತಿದ್ದಾನೆ ಎಂದುಕೊಂಡೆ. ಭಾನುವಾರ ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಸೋಮವಾರ ಬಸ್ಸು ತೊಳೆಯುವ ಸರದಿ. ಮಂಗಳವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಮುಟ್ಟಿಸಿದವಳೇ ಏಲಕ್ಕಿ ಹಾಕಿದ ನಿಸು ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಪಿಕಪ್ ಹತ್ತಿದೆ. ಅವನ ಡೇರೆ ಇಪ್ಪತ್ತೆಂಟು ಮೈಲಿ ದೂರ, ಕೊನೆಯ ಒಂಬತ್ತು ಮೈಲಿ ಮರ ಸಾಗಿಸಲು ಮಾಡಿದ ಹಳೆಯ ಮಣ್ಣುದಾರಿ. ಫೋನಿಗೆ ಅಲ್ಲಿ ಜೀವವಿರುವುದಿಲ್ಲ.

ಡೇರೆ ಅಲ್ಲೇ ಇತ್ತು, ಸೆಪ್ಟೆಂಬರ್ ಎಂಟಕ್ಕೆ ಹಾಕಿದ ಜಾಗದಲ್ಲೇ. ಅವನ ಗಾಡಿ ನಿಂತಿತ್ತು. ಗಾಳದ ಕೋಲು ಕಾಣಲಿಲ್ಲ. ಒಲೆಯ ಬೂದಿ ತಣ್ಣಗಿತ್ತು. ನಾನು ಬಂದೆ ಎನ್ನುವ ನಮ್ಮಿಬ್ಬರ ಗುರುತಿನಂತೆ ಮೂರು ಸಲ ಹಾರ್ನ್ ಹೊಡೆದೆ. ಇಳಿದೆ, ಇಂಜಿನ್ ಮಾತ್ರ ಆರಿಸಲಿಲ್ಲ. ಎಲ್ಲಿ ಇಳಿದರೂ ಆರಿಸುವ ಅಭ್ಯಾಸ ನನಗಿಲ್ಲ. ಹೊರಡಲು ತಯಾರಾಗಿ ಗುರುಗುಟ್ಟುತ್ತಾ ನಿಂತ ಗಾಡಿಯ ಸದ್ದು ಬೆನ್ನಿಗಿದ್ದರೆ ನನಗೆ ಸಮಾಧಾನ.

ಬರ್ಚ್ ಮರಕ್ಕೆ ಮೊಳೆ ಹೊಡೆದು ಸಿಕ್ಕಿಸಿದ್ದ ಕಾರ್ಡು ನೋಡಿದೆ. ನನ್ನದೇ ದುಂಡು ಅಕ್ಷರ, ಸೆಪ್ಟೆಂಬರ್ ಇಪ್ಪತ್ತಮೂರು. ಅಂದರೆ ನಿನ್ನೆ. ಸೋಮವಾರ ಇಲ್ಲಿ ನಿಂತು ಹಳೆಯ ಕಾರ್ಡು ಕಿತ್ತು ಹೊಸದು ಹಾಕುವಷ್ಟು ಗಟ್ಟಿಯಾಗಿದ್ದಾನೆ, ಶನಿವಾರ ನನ್ನ ಮನೆಗೆ ಬರಲು ಮಾತ್ರ ಕಾಲಿಲ್ಲ! ಅದೂ ಅದೇ ಜಾಗದಲ್ಲಿ, ಕೊಲೀನ್ ಅಷ್ಟು ಹೇಳಿದ ಮೇಲೂ. ನನಗೆ ಮೈಯೆಲ್ಲ ಉರಿಯಿತು. ಕರಡಿಗೆ ಸಿಗದಂತೆ ಅವನು ಊಟ ಇಡುವ ಕಬ್ಬಿಣದ ಪೆಟ್ಟಿಗೆಯಲ್ಲಿ ಬ್ರೆಡ್ಡಿಟ್ಟು ಒಂದು ಚೀಟಿ ಬರೆದೆ. 'ಸೌನಾ ಕಾಯ್ದು ತಣ್ಣಗಾಯ್ತು. ನಿನಗೆ ನಾಚಿಕೆ ಅನ್ನೋದಿದೆಯಾ?' ಹತ್ತು ನಿಮಿಷ ಕಾಯೋಣವೇ ಅಂದುಕೊಂಡೆ. ಕಾಯಲಿಲ್ಲ. ನಾಲ್ಕು ನಿಮಿಷವೂ ನಿಂತಿರಲಿಲ್ಲ ಅನ್ನಿಸುತ್ತದೆ.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಹದಿನಾಲ್ಕು ಮಕ್ಕಳು. ಕೆರೆಯ ತಿರುವಿನಲ್ಲಿ ಜಿಂಕೆಯೊಂದು ಅಡ್ಡ ಬಂದು ಬ್ರೇಕ್ ಒತ್ತಿದೆ. ಕಾಫಿ ಚೆಲ್ಲಿ ವರದಿಯ ಹಾಳೆಯ ಮೇಲೆ ಬಿತ್ತು. ಒರೆಸಲು ಹೋದರೆ ನನ್ನ ಅಕ್ಷರದ ನೀಲಿ ಕೆಳಗಿಳಿದು ಹರಡುತ್ತಿತ್ತು. ಹಾಗೆ ಹರಡಿದ ನೀಲಿಯನ್ನು ನಿನ್ನೆ ತಾನೇ ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಬರ್ಚ್ ಮರದ ಮೇಲೆ. ತೌನೊನ ಹೆಸರಿನ ಕೆಳಗೆ ನೀಲಿ ಗೆರೆಗಳು ಇಳಿದಿದ್ದವು, ಕಾರ್ಡಿನ ಅಂಚು ಉಬ್ಬಿ ಒಣಗಿತ್ತು. ಕಣ್ಣು ಅದನ್ನು ಕಂಡಿತ್ತು, ಕೋಪದಲ್ಲಿದ್ದವಳು ನಾನು ಕಂಡಿರಲಿಲ್ಲ.

ಮಳೆ ಬಂದದ್ದು ಶುಕ್ರವಾರ. ಅವತ್ತು ಬಸ್ಸಿನ ವೈಪರ್ ಕೈಕೊಟ್ಟು ಕಿಟಕಿಯಿಂದ ತಲೆ ಹೊರಹಾಕಿ ಓಡಿಸಿದ್ದೆ. ಆಮೇಲೆ ಒಂದು ಹನಿ ಬಿದ್ದಿಲ್ಲ.

ಇಪ್ಪತ್ತಮೂರರ ಕಾರ್ಡು ಶುಕ್ರವಾರದ ಮಳೆಯಲ್ಲಿ ನೆನೆದಿದೆ ಅಂದರೆ ಅದನ್ನು ಅವನು ತಡವೆಂದರೂ ಗುರುವಾರವೇ ಹಾಕಿದ್ದಾನೆ. ಎಲ್ಲಿಗೋ ಮೂರು ನಾಲ್ಕು ದಿನ ಹೊರಟಿದ್ದಾನೆ, ತಾನು ಬರುವುದು ತಡವಾಗಿ ಸೋಮವಾರ ಕೊಲೀನ್ ಬಂದರೆ ಹಳೆಯ ತಾರೀಖು ಕಣ್ಣಿಗೆ ಬೀಳದಿರಲಿ ಎಂದು ಮುಂದಿನದನ್ನು ಮೊದಲೇ ಸಿಕ್ಕಿಸಿದ್ದಾನೆ. ಮೀನಿನ ಆಸೆಗೆ ಈ ಸಲ ಸೌನಾವನ್ನೂ ಬಿಟ್ಟಿದ್ದಾನೆ, ಆದರೆ ನಾಲ್ಕು ದಿನ ಕಳೆದರೂ ತಿರುಗಿ ಬಂದಿಲ್ಲ. ಸೋಮವಾರ ಇದ್ದ ಎಂದು ನಾನು ನಂಬಿದವನು ಆರು ದಿನದಿಂದ ಇಲ್ಲ. ಆ ಸುಳ್ಳು ತಾರೀಖು ಬರೆದವಳು ನಾನು, ಅದನ್ನು ನಂಬಿ ತಿರುಗಿ ಬಂದವಳೂ ನಾನೇ.

ಇನ್ನೂ ಏಳು ಮನೆಗಳ ಮಕ್ಕಳು ಹತ್ತಬೇಕಿತ್ತು. ಮಕ್ಕಳನ್ನು ದಾರಿಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ಆ ಅರ್ಧ ಗಂಟೆ ಬೆಂಕಿಯ ಮೇಲೆ ಕೂತಂತೆ ಕೂತೆ. ಒಬ್ಬಳು ತನ್ನ ಕೈಗವಸು ಹುಡುಕಲು ಮನೆಗೆ ವಾಪಸು ಓಡಿದಳು, ನಾನು ಸ್ಟೀರಿಂಗನ್ನು ಮುಷ್ಟಿಯಿಂದ ಗುದ್ದುತ್ತಾ ಕಾದೆ.

ಶಾಲೆಯ ಅಂಗಳದಲ್ಲಿ ಫೋನ್ ಕೈಗೆತ್ತಿಕೊಂಡಾಗ ಒಂದು ಕ್ಷಣ ಬೆರಳು ನಿಂತಿತು, ಸುಳ್ಳು ಹೇಳುವುದಿಲ್ಲ. ಕೊಲೀನ್‌ಗೆ ಹೇಳಿದರೆ ಕಾಡಿನ ಬಾಗಿಲು ಅವನಿಗೆ ಮುಚ್ಚಿದಂತೆಯೇ. ನಾನೊಬ್ಬಳೇ ಹೋಗಿ ಹುಡುಕಿದರೆ? ಅವನು ಎಲ್ಲೋ ಬೆಂಕಿ ಹಾಕಿಕೊಂಡು ಮೀನು ಸುಡುತ್ತಾ ಕೂತಿದ್ದರೆ? ಆಮೇಲೆ ಆ ನೀಲಿ ಗೆರೆಗಳು ಮತ್ತೆ ಕಣ್ಣಿಗೆ ಕಟ್ಟಿದವು. ಒತ್ತಿದೆ. ತೌನೊ ಕಾಣುತ್ತಿಲ್ಲ, ಕಾರ್ಡಿನ ಮೇಲೆ ಇಪ್ಪತ್ತಮೂರು ಅಂತಿದೆ ಎಂದೆ.

ಅವಳು ತಡೆದಳು. "ಸೈಮಿ ಆಂಟಿ, ಕಾರ್ಡಲ್ಲಿ ಏನಿದೆ ಅಂತ ಕೇಳ್ತಿಲ್ಲ ನಾನು. ನಿಜವಾಗಿ ಯಾವತ್ತಿಂದ ಇಲ್ಲ ಅಂತ ಹೇಳಿ. ಎಷ್ಟು ಜನ ಕರ್ಕೊಂಡು ಬರಬೇಕು ಅನ್ನೋದು ಅದರ ಮೇಲಿದೆ."

"ಗುರುವಾರದಿಂದ ಕಣೇ," ಎಂದೆ. ಉಳಿದದ್ದನ್ನೂ ಹೇಳಿದೆ, ಹದಿಮೂರು ಕಾರ್ಡುಗಳ ವಿಷಯವನ್ನೂ.

ಡೇರೆಯ ಹತ್ತಿರ ನಾವಿಬ್ಬರೂ ಒಟ್ಟಿಗೇ ಮುಟ್ಟಿದೆವು. ಹುಡುಕುವ ತಂಡ ಇನ್ನೂ ಹಿಂದಿತ್ತು. ನಾನು ಗಾಡಿಯಿಂದ ಜಿಗಿದು, ತೊರೆಯ ಮೇಲ್ಗಡೆ ಮೀನಿನ ಗುಂಡಿ ಇದೆ, ಅಲ್ಲಿಗೆ ಹೋಗೋಣ ಎಂದು ಹೊರಟೇಬಿಟ್ಟೆ. ಕೊಲೀನ್ ತೋಳು ಹಿಡಿದಳು.

"ಮೊದಲು ನಿಮ್ಮ ಗಾಡಿ ಆರಿಸಿ."

"ಅದರ ಪಾಡಿಗೆ ಅದಿರಲಿ, ಹೊತ್ತಾಗ್ತಿದೆ..."

"ಆರಿಸಿ ಆಂಟಿ. ಐದು ನಿಮಿಷ ಅಲ್ಲಾಡದೆ ನಿಲ್ಲಿ. ಬಸ್ಸಲ್ಲಿ ನಮಗೆ ಹೇಳ್ತಿದ್ರಲ್ಲ, ಹಾಗೆ. ಬಾಯಿಗೂ ಬೀಗ, ಕಾಲಿಗೂ ಬೀಗ."

ಆರಿಸಿದೆ. ಆ ಮೌನ ನನಗೆ ಸಹಿಸಲಾಗಲಿಲ್ಲ. ಕಾಲು ತಾನಾಗಿ ಕುಣಿಯುತ್ತಿತ್ತು, ಕೈಯಿಂದ ತೊಡೆ ಒತ್ತಿ ಹಿಡಿದೆ. ಮೊದಲು ನನ್ನ ಕಿವಿಯಲ್ಲಿ ಇಂಜಿನ್ನೇ ಗುರುಗುಟ್ಟುತ್ತಿತ್ತು. ಅದು ಇಳಿದ ಮೇಲೆ ಮೇಪಲ್ ಎಲೆಗಳು ಉದುರುವ ಸದ್ದು, ಆಮೇಲೆ ಕೆಳಗಿನ ಕಮರಿಯಲ್ಲಿ ತೊರೆ. ತೊರೆಯ ಸದ್ದಿನೊಳಗಿನಿಂದ, ಬಹಳ ಸಣ್ಣದಾಗಿ, ಟಿಣ್ ಅಂದಿತು. ನಿಂತಿತು. ಮತ್ತೆ ಟಿಣ್ ಟಿಣ್.

ನಾನು ಓಡಿದೆ. ಅರವತ್ತಮೂರರ ಹೆಂಗಸು ಆ ಇಳಿಜಾರಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಡೇರೆಯಿಂದ ಕಾಲು ಮೈಲಿಯೂ ಇರಲಿಲ್ಲ. ತೊರೆ ದಾಟಲು ಹಾಕಿದ್ದ ಪಾಚಿಗಟ್ಟಿದ ದಿಮ್ಮಿಯ ಕೆಳಗೆ, ದಡಕ್ಕೆ ಒರಗಿ ತೌನೊ ಬಿದ್ದಿದ್ದ. ಎಡಗಾಲು ಮಂಡಿಯ ಕೆಳಗೆ ತಿರುಚಿಕೊಂಡಿತ್ತು. ನಾಲ್ಕು ದಿನಕ್ಕೆಂದು ಬೆನ್ನಿಗೆ ಹಾಕಿಕೊಂಡಿದ್ದ ಚೀಲವೇ ಅವನನ್ನು ಉಳಿಸಿತ್ತು. ಅದರಲ್ಲಿ ಕಂಬಳಿಯಿತ್ತು, ಒಣ ರೊಟ್ಟಿ, ಚೀಸ್ ಇತ್ತು, ಕೈಗೆಟುಕುವಷ್ಟು ದೂರದಲ್ಲಿ ನೀರಿತ್ತು. ಒಂದು ಕೈಯಲ್ಲಿ ಅಪ್ಪನ ಕಾಲದ ನೀಲಿ ಎನಾಮಲ್ ಲೋಟ, ಇನ್ನೊಂದರಲ್ಲಿ ಕಲ್ಲು. ಕೂಗಿ ಕೂಗಿ ಗಂಟಲು ಹೋಗಿತ್ತು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಅತ್ತೆ. ಹಾಗೆ ಅತ್ತದ್ದು ಅಮ್ಮ ತೀರಿಕೊಂಡಾಗಲೂ ಇಲ್ಲ.

ತಂಡದವರು ಅವನನ್ನು ಮೇಲಕ್ಕೆ ಹೊತ್ತುಕೊಂಡು ಹೋಗುವಾಗ ಕೊಲೀನ್ ಮೊಳೆಯಿಂದ ಕಾರ್ಡು ಬಿಡಿಸಿ ಜೇಬಿಗಿಟ್ಟುಕೊಂಡಳು. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ನನ್ನ ಚೀಟಿಯನ್ನು ಓದಿ, ಅದನ್ನು ಮಾತ್ರ ಮಡಚಿ ನನ್ನ ಕೈಗೆ ಕೊಟ್ಟಳು. ಮುಂದಿನ ವರ್ಷವಿಡೀ ತೌನೊನ ಹೆಸರಿನ ಕಾರ್ಡು ಈ ಕಾಡಿನಲ್ಲಿ ಕಾಣಬಾರದು ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಶನಿವಾರ ಆಸ್ಪತ್ರೆಗೆ ಹೋದಾಗ ಅವನಿಗೆ ದನಿ ಬಂದಿತ್ತು, ಬೆಕ್ಕಿನ ಮರಿಯಷ್ಟು. ಕಾಲಿಗೆ ಸರಳು ಹಾಕಿದ್ದರು. ನಾನು ಹಾಸಿಗೆಯ ಸುತ್ತ ತಿರುಗುತ್ತಾ ದಿಂಬು ಸರಿಮಾಡಿದೆ, ಪರದೆ ಎಳೆದೆ, ಮತ್ತೆ ಬಿಟ್ಟೆ. ಒಂದು ಕಡೆ ಕೂರೇ ಎಂದ. ಕೂತೆ. ಕೊಲೀನ್ ಹೇಳಿದ್ದನ್ನು ತಿಳಿಸಿದೆ. ಅವನು ಬಹಳ ಹೊತ್ತು ಗೋಡೆ ನೋಡಿದ. ಆಮೇಲೆ ತಲೆಯ ಹತ್ತಿರದ ಚೀಲದಿಂದ ಆ ನೀಲಿ ಲೋಟ ತೆಗೆದು, ಕಾಫಿ ತುಂಬಿಸಿಕೊಂಡು ಬಾ, ಇಲ್ಲಿಯ ಕಾಗದದ ಲೋಟದಲ್ಲಿ ಗಂಟಲಿಗಿಳಿಯಲ್ಲ ಎಂದ.

ಲೋಟದ ಅಂಚಿನಲ್ಲಿ ಎರಡು ಮೂರು ಕಡೆ ಎನಾಮಲ್ ಚೂರು ಎದ್ದಿತ್ತು. ಕೊಲೀನ್ ಜೊತೆ ಬಂದಾಗ ಕೇಳಿಸಿದ್ದು ಇದೇ ಅಲ್ವಾ ಎಂದು ಕೇಳಿದೆ.

"ಹೂಂ, ಅದು ಬುಧವಾರದ್ದು. ಅಷ್ಟೊತ್ತಿಗೆ ಕೈಯಲ್ಲಿ ಶಕ್ತಿನೇ ಇರ್ಲಿಲ್ಲ." ಅವನು ಲೋಟವನ್ನು ನನ್ನ ಕೈಯಲ್ಲೇ ತಿರುಗಿಸಿದ. ಆ ಬದಿಯಲ್ಲಿ ನೀಲಿಯೇ ಉಳಿದಿರಲಿಲ್ಲ. ಅಂಗೈಯಗಲ ಎನಾಮಲ್ ಎದ್ದುಹೋಗಿ ಬರೀ ಕಬ್ಬಿಣ ಕಾಣುತ್ತಿತ್ತು, ಅಂಚು ಒಳಕ್ಕೆ ಮಡಚಿಕೊಂಡಿತ್ತು.

"ಇದು ಮಂಗಳವಾರದ್ದು," ಎಂದ. "ಮೂರು ಹಾರ್ನ್ ಕೇಳಿಸ್ತು. ಬಡಿದೆ ಅಕ್ಕ, ಎಷ್ಟು ಬಡಿದೆ ಅಂತೀಯ. ನಿನ್ನ ಇಂಜಿನ್ ಒಂದು ನಿಮಿಷನೂ ನಿಲ್ಲಲಿಲ್ಲ."

ಬೈಯಲಿಲ್ಲ. ನಡೆದದ್ದನ್ನು ಹೇಳುವ ಹಾಗೆ ಹೇಳಿ, ಹೋಗು, ಕಾಫಿ ತಗೊಂಡು ಬಾ ಎಂದ. ಏಳಬೇಕೆಂದುಕೊಂಡೆ. ಲೋಟ ತೊಡೆಯ ಮೇಲಿತ್ತು. ಹೊತ್ತು ಮುಳುಗಿ ನರ್ಸ್ ಬಂದು ಹೊರಡಿ ಎನ್ನುವವರೆಗೂ ನಾನು ಆ ಕುರ್ಚಿಯಲ್ಲೇ ಕೂತಿದ್ದೆ.