ಏಳು ಮಂದಿಯ ಮನೆಗೆ ಎಂಟನೆಯ ಮಗ

ಮಾವ ತೀರಿಕೊಂಡ ಮೇಲೆ ನನ್ನ ಯಜಮಾನರೂ ಅವರ ಆರು ಮಂದಿ ಅಣ್ಣತಮ್ಮಂದಿರೂ ಸಿಪ್ಪರ್ ಊರಾಚೆಯ ಬಾರ್ಲಿ ಹೊಲವನ್ನು ಸಮನಾಗಿ ಪಾಲು ಮಾಡಿಕೊಳ್ಳಲು ಹೊರಟರು. ಬರೆಯಲು ಬಂದ ಲೆಕ್ಕಿಗ ಉಬಾರುಂ ಅಂಗಳದಲ್ಲಿ ಕೂತು, ತಲೆಗಳನ್ನು ಎಣಿಸಿ, ಹಸಿಮಣ್ಣಿನ ಹಲಗೆಯನ್ನು ಪಕ್ಕಕ್ಕಿಟ್ಟ.

"ಏಳು ಜನಕ್ಕೆ ಆಗಲ್ಲ," ಎಂದ.

"ಯಾಕೆ ಆಗಲ್ಲ?" ಹಿರಿಯ ಭಾವ ನೂರ್-ಕಬ್ತಾ ಕೇಳಿದರು.

"ನಾವು ಎಣಿಸೋದು ಅರವತ್ತರಲ್ಲಿ. ಅರವತ್ತನ್ನ ಆರು ಪಾಲು ಮಾಡಿದ್ರೆ ಹತ್ತು. ಎಂಟು ಮಾಡಿದ್ರೆ ಏಳೂವರೆ. ಏಳು ಮಾಡೋಕೆ ಹೋದ್ರೆ ಮುಗಿಯೋದೇ ಇಲ್ಲ, ಚೂರು ಉಳೀತಾನೇ ಹೋಗುತ್ತೆ. ನಮ್ಮ ಗುರುಗಳ ಕೋಷ್ಟಕದಲ್ಲೂ ಏಳರ ಪಾಲು ಇಲ್ಲ. ಇಲ್ಲದ್ದನ್ನ ಬರೆದು ಮುದ್ರೆ ಒತ್ತೋಕೆ ನನ್ ಕೈಲಾಗಲ್ಲ."

"ಒಂಚೂರು ಹೆಚ್ಚುಕಮ್ಮಿ ಮಾಡಿ ಬರ್ಕೊಳ್ಳಿ ಅಯ್ಯನೋರೆ," ಎಂದರು ನನ್ನ ಯಜಮಾನರು.

"ಹೆಚ್ಚು ಯಾರಿಗೆ, ಕಮ್ಮಿ ಯಾರಿಗೆ?"



ಆಮೇಲೆ ಮನೆ ಮನೆಯಾಗಿರಲಿಲ್ಲ. ಆರು ಜನರಾದರೆ ಸಲೀಸು ಎಂಬುದು ಎಲ್ಲರ ತಲೆಯಲ್ಲೂ ಕೂತಿತ್ತು. ಯಾರಾದರೂ ಕೆಮ್ಮಿದರೆ ಉಳಿದವರು ಆಸೆಯಿಂದ ತಿರುಗಿ ನೋಡುತ್ತಿದ್ದರು. ನಮ್ಮೆಜಮಾನರು ನಾನು ಬಡಿಸಿದ್ದನ್ನು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕೊನೆಗೆ ಹಿರಿಯ ಭಾವ ಒಂದು ದಾರಿ ಹೇಳಿದರು: "ನಂಗೆ ಎರಡು ಪಾಲು ಕೊಟ್ಬಿಡಿ, ಎಂಟಾಗುತ್ತೆ. ನಿಮಗೋಸ್ಕರ ಈ ಭಾರ ನಾನು ಹೊರ್ತೀನಿ."

"ಹೊತ್ತು ಹೊತ್ತು ಸೊಂಟ ಮುರ್ಕೊಂಡೀಯ, ಕೂತ್ಕೋ," ಎಂದರು ಅತ್ತೆ ಹುಜಾಲತುಂ. "ಎಂಟು ಬೇಕು ತಾನೆ? ಇನ್ನೊಬ್ಬ ಮಗನ್ನ ದತ್ತು ತಗೋತೀನಿ."

ಮಕ್ಕಳು ಊರೆಲ್ಲ ತಡಕಾಡಿ, ಬೇಗ ಸಾಯುವಂತೆ ಕಾಣುವವನೊಬ್ಬನನ್ನು ಕರೆತಂದರು. ಜೊಂಡಿನ ಚಾಪೆ ಹೆಣೆಯುತ್ತಿದ್ದ ಶಲ್ಲುರುಂ. ಹಿಂದೆ ಮುಂದೆ ಯಾರೂ ಇಲ್ಲ, ಬಾಯಲ್ಲಿ ಹಲ್ಲಿಲ್ಲ, ವಯಸ್ಸಿನಲ್ಲಿ ಅತ್ತೆಗಿಂತ ಎಷ್ಟೋ ದೊಡ್ಡವನು. ಸಾಕ್ಷಿಗಳ ಮುಂದೆ ಅತ್ತೆ ಅವನ ಬೋಳುತಲೆ ಮುಟ್ಟಿ, "ಇವ್ನು ನನ್ನ ಕಿರೀಮಗ," ಎಂದರು. ಉಬಾರುಂ ನಿರಾಳವಾಗಿ ಎಂಟು ಪಾಲು ಬರೆದುಕೊಟ್ಟ.

ಮುದುಕ ಇದನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟ. "ಅಮ್ಮಾ, ಅಣ್ಣ ನಂಗೆ ಮೀನಿನ ಬಾಲ ಹಾಕಿದಾನೆ," ಎಂದು ದೂರುತ್ತಿದ್ದ. ಗದರಿಸಿದರೆ ಗೋಡೆಗೆ ಮುಖ ಮಾಡಿ ಮುನಿಸಿಕೊಳ್ಳುತ್ತಿದ್ದ. ಅವನ ಗಡ್ಡಕ್ಕೆ ಎಳ್ಳೆಣ್ಣೆ ಹಚ್ಚಿ ಬಾಚುವುದು ಅತ್ತೆಗೆ ರೂಢಿಯಾಯಿತು. ಅವರು ಅಷ್ಟು ನಗುವುದನ್ನು ನಾನು ಮದುವೆಯಾಗಿ ಬಂದಮೇಲೆ ಕಂಡೇ ಇರಲಿಲ್ಲ.

ಬೇಸಿಗೆಯಲ್ಲಿ ಶಲ್ಲುರುಂಗೆ ಜ್ವರ ಬಂತು. ಅಣ್ಣಂದಿರು ಮುಖ ಸಪ್ಪಗೆ ಮಾಡಿಕೊಂಡು, ಒಳಗೊಳಗೇ ಹಿಗ್ಗುತ್ತ, ಲೆಕ್ಕಿಗನ ಬಳಿ ಹೋದರು.

"ಅವನು ಹೋದ್ರೆ ಅವನ ಪಾಲು ನಮಗೇ ತಾನೆ?" ಎಂದರು ಹಿರಿಯ ಭಾವ.

"ನಿಮಗೇ. ಎಷ್ಟು ಜನ ಇದೀರಿ?"

"ಏಳು."

ಉಬಾರುಂ ತಲೆ ಕೆರೆದುಕೊಂಡ. "ಒಮ್ಮೆ ಬರೆದು ಮುದ್ರೆ ಒತ್ತಿದ ಪಾಲು ಹಂಚೋಕಾಗದೆ ಉಳಿದ್ರೆ ಗುಡಿಗೆ ಹೋಗುತ್ತೆ, ನೋಡಿ."

ಏಳು ಜನವೂ ಓಡೋಡಿ ಮನೆಗೆ ಬಂದರು. ಒಬ್ಬರು ವೈದ್ಯನನ್ನು ಎಳೆತಂದರು, ಇಬ್ಬರು ಗಾಳಿ ಬೀಸಿದರು. ನನ್ನ ಯಜಮಾನರು ಒದ್ದೆ ಬಟ್ಟೆ ಹಿಡಿದು ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಹಿರಿಯ ಭಾವ ಖರ್ಜೂರವನ್ನು ತಾವೇ ಜಗಿದು ಮೆತ್ತಗೆ ಮಾಡಿ ಅವನ ಬಾಯಿಗಿಟ್ಟರು. ಮುದುಕ ಎದ್ದು ಕೂತ. ಈಗ ಬಿಸಿಲಿಗೆ ಹೊರಟನೆಂದರೆ ಅಣ್ಣಂದಿರೇ ಹೊತ್ತುಕೊಂಡು ಹೋಗುತ್ತಾರೆ.

ಮೊನ್ನೆ ಅತ್ತೆ ನನ್ನನ್ನು ಕರೆದು, "ಚಿಕ್ಕವನಿಗೂ ಒಂದು ಹೆಣ್ಣು ನೋಡ್ಬೇಕಲ್ಲೇ," ಎಂದರು.

"ಅವನಿಗೆ ಯಾರು ಕೊಡ್ತಾರೆ ಅತ್ತೆ?"

"ಯಾಕ್ ಕೊಡಲ್ಲ? ಹೊಲ ಇದೆ, ಬೆನ್ನಿಗೆ ಅಣ್ಣಂದಿರಿದಾರೆ."

ಒಳಗಿನಿಂದ ಶಲ್ಲುರುಂನ ದನಿ ಬಂತು: "ಮೀನು ಚೆನ್ನಾಗಿ ಬೇಯಿಸೋಳು ಇರಲಿ ಅಮ್ಮಾ."